ತುಂಬಾ ಚೆನ್ನಾಗಿತ್ತು

ಬೇಸಿಗೆ ರಜೆ ಮುಗಿದು ಶಾಲೆಯ ಬಾಗಿಲು ತೆರೆದ ದಿನ ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ಪ್ರಶ್ನೋತ್ತರ ನಡೆಯುತ್ತದೆ. ಕೆಲಸಕ್ಕೆ ಸೇರಿದಂದಿನಿಂದ ನಾನದನ್ನು ಕೇಳುತ್ತಾ ಬಂದಿದ್ದೇನೆ. ಕೇಳುವುದಷ್ಟೇ ಏಕೆ, ನನ್ನ ಪಾಲಿನ ಮಾತನ್ನೂ ತಪ್ಪದೆ ಒಪ್ಪಿಸಿದ್ದೇನೆ.

“ಎಲ್ಲಿಗೆ ಹೋಗಿದ್ರಿ?”

“ಘಟ್ಟದ ಕೆಳಗೆ. ನಾಲ್ಕು ದೇವಸ್ಥಾನ, ಒಂದು ಸಮುದ್ರ.”

“ಹೇಗಿತ್ತು?”

“ತುಂಬಾ ಚೆನ್ನಾಗಿತ್ತು.”

ಇಷ್ಟಾದರೆ ಮುಗಿಯಿತು. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಎಲ್ಲರೂ ತಂತಮ್ಮ ತರಗತಿಗೆ ನಡೆಯುತ್ತೇವೆ. ಹದಿನೈದು ದಿನ ಕಳೆದು, ಒಂದು ಮಧ್ಯಾಹ್ನ ಟಿಫನ್ ಡಬ್ಬಿ ಬಿಚ್ಚಿ ಕೂತಾಗ ನಿಜ ಒಂದೊಂದಾಗಿ ಹೊರಗೆ ಬೀಳುತ್ತದೆ. ರೂಮು ಸಿಗದೆ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ರಾತ್ರಿ ಕಳೆದದ್ದು, ಘಾಟಿಯಲ್ಲಿ ಮಗು ವಾಂತಿ ಮಾಡಿಕೊಂಡದ್ದು, ಹೋಟೆಲಿನವನ ಮೇಲಿನ ಸಿಟ್ಟನ್ನು ಯಜಮಾನರು ಇವಳ ಮೇಲೆ ತೀರಿಸಿಕೊಂಡದ್ದು, ಸಮುದ್ರದ ತನಕ ಹೋಗಿಯೂ ಸೀರೆ ಒದ್ದೆಯಾದರೆ ಬದಲಿಸಲು ಜಾಗವಿಲ್ಲವೆಂದು ಕಾಲು ಕೂಡ ನೆನೆಸದೆ ಬಂದದ್ದು. “ಮತ್ತೆ ಅವತ್ತು ಚೆನ್ನಾಗಿತ್ತು ಅಂದ್ರಲ್ಲ?” ಎಂದು ಕೇಳಿದರೆ, “ಹಾಗಲ್ದೆ ಇನ್ನೇನು ಹೇಳೋದು ಮೇಡಂ” ಎಂಬ ಉತ್ತರ.

ಹಾಗಲ್ಲದೆ ಇನ್ನೇನು ಹೇಳುವುದು! ನನ್ನ ಜಗಳ ಈ ಮಾತಿನ ಮೇಲೆಯೇ. ರಜೆ ಕೆಡುವುದು ದೊಡ್ಡ ವಿಷಯವಲ್ಲ. ಮಳೆ ಬರುತ್ತದೆ, ಬಸ್ಸು ಕೆಡುತ್ತದೆ, ರೂಮಿನ ಫ್ಯಾನು ತಿರುಗುವುದಿಲ್ಲ. ಆದರೆ ಕೆಟ್ಟಿತು ಎಂದು ಬಾಯಿಬಿಟ್ಟು ಹೇಳುವ ಅಧಿಕಾರ ಮನೆಯಲ್ಲಿ ಯಾರಿಗಿದೆ, ಯಾರಿಗಿಲ್ಲ? ಇದನ್ನು ನಾನು ನನ್ನ ತಾಯಿಯಿಂದ ಕಲಿಯಬೇಕಿತ್ತು. ಕಲಿಯಲು ನಲವತ್ತು ವರ್ಷ ಬೇಕಾಯಿತು.

ನಮ್ಮದು ಭದ್ರಾವತಿ. ಅಪ್ಪ ಕಾರ್ಖಾನೆಯಲ್ಲಿದ್ದರು. ನಮ್ಮ ಅಡುಗೆಮನೆಯ ಗೋಡೆಯಲ್ಲಿ ಜೋಗದ ಚಿತ್ರವಿದ್ದ ಒಂದು ಕ್ಯಾಲೆಂಡರ್ ಇತ್ತು. ವರ್ಷ ಮುಗಿದ ಮೇಲೆ ತಾರೀಖಿನ ಹಾಳೆಗಳನ್ನೆಲ್ಲ ಕಿತ್ತು ಅಮ್ಮ ಚಿತ್ರವನ್ನು ಮಾತ್ರ ಉಳಿಸಿಕೊಂಡಿದ್ದಳು. ಒಗ್ಗರಣೆಯ ಹೊಗೆಗೆ ಅದು ಹಳದಿಗಟ್ಟಿತ್ತು. ಬೇಳೆ ಬೇಯುವಷ್ಟು ಹೊತ್ತಿನಲ್ಲಿ ಸೌಟನ್ನು ಆ ಕಡೆ ತಿರುಗಿಸಿ ನಮಗೆ ಹೇಳಿಕೊಡುತ್ತಿದ್ದಳು: ಇದು ರಾಜ, ಇದು ರೋರರ್, ಇದು ರಾಕೆಟ್, ಕೊನೆಗೆ ನಾಚಿಕೊಂಡು ಇಳಿಯುವವಳು ರಾಣಿ. ಜೋಗ ನಮ್ಮೂರಿನಿಂದ ಹೆಚ್ಚೆಂದರೆ ನೂರಿಪ್ಪತ್ತು ಕಿಲೋಮೀಟರ್. ಕಾಶಿಯಲ್ಲ, ರಾಮೇಶ್ವರವಲ್ಲ. ಆದರೂ ಅಮ್ಮ ಅದನ್ನು ಕಣ್ಣಾರೆ ಕಂಡದ್ದು ಮದುವೆಯಾಗಿ ಹದಿನೈದು ವರ್ಷಕ್ಕೆ, 1983ರ ಮೇ ತಿಂಗಳಲ್ಲಿ.

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಅಮ್ಮ ಬೆಳಗಿನ ಜಾವ ಮೂರಕ್ಕೆ ಎದ್ದಿದ್ದಳು. ಒಂಬತ್ತು ಜನರಿಗೆ ಚಪಾತಿ, ಪುಳಿಯೋಗರೆ, ಮೊಸರನ್ನ. ಅಜ್ಜಿಗೆ ಮಾತ್ರ ಬೇರೆಯಾಗಿ ಮಡಿಯಲ್ಲಿ ಮಾಡಿದ ಅವಲಕ್ಕಿ. ರೈಲಿನಲ್ಲಿ ತಾಳಗುಪ್ಪ. ಆಗ ಅದು ಮೀಟರ್‌ಗೇಜ್ ಹಳಿ, ಗಾಡಿ ಮನಸ್ಸು ಬಂದಲ್ಲಿ ನಿಲ್ಲುತ್ತಿತ್ತು. ಅಲ್ಲಿಂದ ಬಸ್ಸಿನಲ್ಲಿ ಜೋಗ. ಬಿಸಿಲು ನೆತ್ತಿ ಸುಡುತ್ತಿತ್ತು. ಕಟಕಟೆಯ ಹತ್ತಿರ ಓಡಿಹೋಗಿ ನೋಡಿದರೆ ಎದುರಿಗೆ ಕಪ್ಪು ಬಂಡೆ. ಬಂಡೆಯ ಮೇಲೆ ಎರಡು ಎಳೆ ನೀರು, ಯಾರೋ ಬಟ್ಟೆ ಹಿಂಡಿ ಹಾಕಿದಂತೆ.

ಚಿಕ್ಕಪ್ಪ ಅಲ್ಲೇ ಕೂಗಿದರು: “ಇಷ್ಟೇನಾ? ಇದಕ್ಕೇನಾ ಇಷ್ಟು ದೂರ ಬಂದಿದ್ದು?” ಅಜ್ಜಿಯೂ ಕೂಗಿದಳು. ನಾವು ಮಕ್ಕಳಂತೂ ನೆಲಕ್ಕೆ ಕಾಲು ಬಡಿದು ಅತ್ತೆವು. ಅಪ್ಪನ ಮುಖ ಸಣ್ಣದಾಯಿತು. ಆ ಮುಖ ನೋಡಿ ಅಮ್ಮ, “ಬಿಸಿಲಿಗೆ ಬಂಡೆ ಹೇಗೆ ಹೊಳೀತಿದೆ ನೋಡ್ರೋ” ಎಂದು ನಮ್ಮನ್ನು ಸುಮ್ಮನಾಗಿಸಿದಳು. ಕೆಳಗೆ ಗುಂಡಿಯ ತನಕ ಇಳಿದರೆ ಮಕ್ಕಳಿಗೆ ಸ್ವಲ್ಪ ಖುಷಿಯಾದೀತು ಎಂದು ಅಪ್ಪ ಹೊರಟರು. ಅಮ್ಮ ಬರಲಿಲ್ಲ. “ನೀವು ಹೋಗಿ ಬನ್ನಿ, ಸಾಮಾನು ನೋಡ್ಕೊಂಡು ನಾನಿಲ್ಲೇ ಕೂತಿರ್ತೀನಿ.” ನಾವು ಇಳಿದು ಹತ್ತಿ ಬರುವಷ್ಟರಲ್ಲಿ ಮೂರು ಗಂಟೆ. ಅಷ್ಟು ಹೊತ್ತೂ ಅವಳು ನೆರಳು ಸರಿದ ಹಾಗೆ ಚೀಲಗಳನ್ನು ಸರಿಸುತ್ತಾ, ಬುತ್ತಿಗೆ ಬಂದ ಮಂಗಗಳನ್ನು ಓಡಿಸುತ್ತಾ, ಅಜ್ಜಿಯ ಗೊಣಗಾಟ ಕೇಳುತ್ತಾ ಕೂತಿದ್ದಳು. ಬಂದವರಿಗೆ ಎಲೆ ಹಾಕಿ ಬಡಿಸಿದಳು. ಅವಳು ಕಟಕಟೆಯ ಹತ್ತಿರ ನಿಂತದ್ದು ಒಟ್ಟು ಹತ್ತು ನಿಮಿಷ ಇರಬಹುದು.

ಹಿಂದಿರುಗುವಾಗ ರೈಲಿನಲ್ಲಿ ಅಪ್ಪ ಕೇಳಿದರು: “ಹೇಗಿತ್ತೇ ನಿನ್ನ ಜೋಗ?”

“ತುಂಬಾ ಚೆನ್ನಾಗಿತ್ತು” ಎಂದಳು ಅಮ್ಮ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು; ನಾನು ಸಮಾಜ ಪಾಠ ಹೇಳುವವಳು, ಅಭ್ಯಾಸ ಬಿಡದು. ಶರಾವತಿ ಜೋಗದಲ್ಲಿ ಧುಮುಕುವುದು 253 ಮೀಟರ್, ಹಳೆಯ ಲೆಕ್ಕದಲ್ಲಿ 830 ಅಡಿ. ಆದರೆ ಜಲಪಾತದ ಮೇಲುಗಡೆ ಲಿಂಗನಮಕ್ಕಿಯಲ್ಲಿ 1964ರಲ್ಲಿ ಅಣೆಕಟ್ಟು ಮುಗಿದ ಮೇಲೆ, ಆ ನೀರಿಗೆ ಮೊದಲು ವಿದ್ಯುತ್ತಿನ ಕೆಲಸ, ಆಮೇಲೆ ನೋಡುವವರ ಕಣ್ಣು. ಮುಂಗಾರು ಚೆನ್ನಾಗಿ ಹಿಡಿದು ಜುಲೈ, ಆಗಸ್ಟ್ ಹೊತ್ತಿಗೆ ನಾಲ್ಕೂ ಧಾರೆಗಳು ಮೈದುಂಬುತ್ತವೆ. ದೀಪಾವಳಿ ಕಳೆದ ಮೇಲೆ ಸೊರಗುತ್ತಾ ಹೋಗುತ್ತವೆ. ಮೇ ತಿಂಗಳಲ್ಲಿ ಬಂಡೆಯೇ ಗತಿ. ನಮ್ಮ ಶಾಲೆಗಳ ದೊಡ್ಡ ರಜೆ ಎಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯ ತನಕ. ಅಂದರೆ ನೀರಿದ್ದಾಗ ರಜೆಯಿಲ್ಲ, ರಜೆಯಿದ್ದಾಗ ನೀರಿಲ್ಲ. ಮಲೆನಾಡಿನವರಿಗೆಲ್ಲ ಗೊತ್ತಿರುವ ಸಂಗತಿ ಇದು. ಆದರೂ ಮೇ ತಿಂಗಳಲ್ಲಿ ಸಂಸಾರಗಳು ಗಾಡಿ ಮಾಡಿಕೊಂಡು ಹೋಗಿ ಬಂಡೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬರುತ್ತವೆ. (ಅಮ್ಮನ ಅಡುಗೆಮನೆಯ ಬಲ್ಬು ಉರಿಯುತ್ತಿದ್ದುದೂ ಆ ನೀರಿನಿಂದಲೇ ಇರಬೇಕು. ಆ ಬೆಳಕಿನಲ್ಲಿ ಅವಳು ಕ್ಯಾಲೆಂಡರ್ ನೋಡುತ್ತಿದ್ದಳು.)

ಹನ್ನೊಂದು ವರ್ಷ ಕಳೆದು, 1994ರ ಮಳೆಗಾಲದಲ್ಲಿ, ಅಪ್ಪನ ಜೊತೆ ಕೆಲಸ ಮಾಡುವವರೆಲ್ಲ ಸೇರಿ ಒಂದು ವ್ಯಾನು ಗೊತ್ತು ಮಾಡಿದರು. ಜೋಗ ತುಂಬಿದೆ, ನೋಡಲು ಎರಡು ಕಣ್ಣು ಸಾಲದು ಎಂಬ ಸುದ್ದಿ. ನಮ್ಮ ಮನೆಗೆ ಎರಡು ಸೀಟು. ಅಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. “ಇವಳು ನೋಡಿದ್ದಾಳೆ, ಇವಳಿಗೆ ತುಂಬಾ ಚೆನ್ನಾಗಿತ್ತು. ಈ ಸಲ ಅತ್ತಿಗೆ ಬರಲಿ.” ದೊಡ್ಡಮ್ಮ ಹೋದಳು. ಅಮ್ಮ ಬುತ್ತಿ ಕಟ್ಟಿಕೊಟ್ಟು, ಹಾಸಿಗೆ ಹಿಡಿದಿದ್ದ ಅಜ್ಜಿಯ ಹತ್ತಿರ ಉಳಿದಳು.

ಅಪ್ಪ ಕೆಟ್ಟವರಲ್ಲ. ಇದನ್ನು ನಾನು ಒತ್ತಿ ಹೇಳಬೇಕು, ಏಕೆಂದರೆ ಇಂಥ ಬರಹಗಳಲ್ಲಿ ಎಲ್ಲ ತಪ್ಪನ್ನೂ ಗಂಡಸಿನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದು ಸುಲಭ. ಅಮ್ಮ ಹೇಳಿದ್ದನ್ನು ಅವರು ನಂಬಿದರು, ಅಷ್ಟೆ. ಚೆನ್ನಾಗಿತ್ತು ಎಂದವಳಿಗೆ ಮತ್ತೊಮ್ಮೆ ತೋರಿಸುವುದೇಕೆ? ಅವಳ ಲೆಕ್ಕ ಚುಕ್ತಾ ಆಗಿತ್ತು. ನಾವು ಹೇಳುವ ಈ ಸಿಹಿಸುಳ್ಳು ನಮ್ಮ ಎರಡನೆಯ ಅವಕಾಶವನ್ನು ನುಂಗಿಹಾಕುವುದು ಹೀಗೆ. ಅವತ್ತು ರೈಲಿನಲ್ಲಿ, “ಎಲ್ಲಿ ಚೆನ್ನಾಗಿತ್ತು, ಬರೀ ಕಲ್ಲು. ಮಳೆಗಾಲದಲ್ಲಿ ಕರ್ಕೊಂಡು ಬನ್ನಿ” ಎಂದಿದ್ದರೆ ಅಪ್ಪ ಖಂಡಿತ ಕರೆದುಕೊಂಡು ಹೋಗುತ್ತಿದ್ದರು. ಒಂದು ವರ್ಷ ಸತಾಯಿಸುತ್ತಿದ್ದರೇನೋ, ಆದರೆ ಹೋಗುತ್ತಿದ್ದರು.

ಅಮ್ಮ ತೀರಿಕೊಂಡದ್ದು 2008ರಲ್ಲಿ. ಕೊನೆಯ ದಿನಗಳಲ್ಲಿ ಒಂದು ಸಂಜೆ ಟಿವಿಯಲ್ಲಿ ಜೋಗ ತೋರಿಸುತ್ತಿದ್ದರು. ತುಂಬಿದ ಜೋಗ. ಕಾಲು ಒತ್ತುತ್ತಿದ್ದ ನಾನು, “ಅಮ್ಮಾ, ನಿನ್ನ ಜೋಗ ನೋಡು” ಎಂದೆ. ಅವಳು ತುಸು ಹೊತ್ತು ನೋಡಿ, “ನಾವು ಹೋದಾಗ ಬರೀ ಕಲ್ಲು ಕಣೇ. ಕ್ಯಾಲೆಂಡರೇ ಚೆನ್ನಾಗಿತ್ತು” ಎಂದು ಮಗ್ಗುಲು ತಿರುಗಿದಳು. ಇಪ್ಪತ್ತೈದು ವರ್ಷ ಆ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳು.

ಇದಿಷ್ಟೂ ಗೊತ್ತಿದ್ದ ನಾನು ಬುದ್ಧಿವಂತಳಾದೆನೆಂದು ನೀವು ತಿಳಿಯಬಾರದು.

“ನಿಮಗೇನ್ರೀ, ಮೇಷ್ಟ್ರುಗಳಿಗೆ ವರ್ಷದಲ್ಲಿ ಎರಡು ತಿಂಗಳು ರಜ” ಎನ್ನುವವರು ನಮ್ಮ ಬೀದಿಯಲ್ಲಿ ನಾಲ್ಕು ಮನೆಗೊಬ್ಬರಿದ್ದಾರೆ. 2023ರ ಬೇಸಿಗೆ ರಜೆಯಲ್ಲಿ ನನಗೆ ಮೊದಲು ಎಸ್ಸೆಸ್ಸೆಲ್ಸಿ ಮೌಲ್ಯಮಾಪನ. ಆಮೇಲೆ ಮೇ 10ಕ್ಕೆ ವಿಧಾನಸಭೆಯ ಚುನಾವಣೆ. ಅದಕ್ಕೆ ತರಬೇತಿ, ಮತಗಟ್ಟೆಯಲ್ಲಿ ಒಂದು ಹಗಲು ಒಂದು ರಾತ್ರಿ. ಅಷ್ಟರಲ್ಲಿ ಮನೆಯಲ್ಲಿ ಪ್ರವಾಸದ ಮಾತು ಎದ್ದಿತ್ತು. ಮಗನಿಗೆ ಹಿಂದಿನ ವರ್ಷ ಮದುವೆಯಾಗಿತ್ತು. ಸೊಸೆ ಬಂದ ಮೇಲೆ ಎಲ್ಲರೂ ಸೇರಿ ಎಲ್ಲಿಗೂ ಹೋಗಿರಲಿಲ್ಲ. ಭಾವನವರ ಮನೆಯವರು, ನಾದಿನಿಯ ಮನೆಯವರು, ಎಂಬತ್ತು ದಾಟಿದ ಅತ್ತೆ, ಎಲ್ಲ ಸೇರಿ ಹನ್ನೊಂದು ಜನ, ಒಂದು ಟೆಂಪೋ ಟ್ರಾವೆಲರ್. ಜೋಗ, ಹೊನ್ನಾವರ, ಮುರುಡೇಶ್ವರ, ಗೋಕರ್ಣ, ಶಿರಸಿಯ ಮೇಲೆ ವಾಪಸು. ಮೇ ತಿಂಗಳಲ್ಲಿ ಜೋಗ ಬೇಡ ಎಂದು ನಾನು ಹೇಳಬೇಕಿತ್ತು. ದಾರಿಯಲ್ಲೇ ಇದೆ, ಸೊಸೆ ನೋಡಿಲ್ಲ ಎಂದರು, ಸುಮ್ಮನಾದೆ. ನಲವತ್ತು ವರ್ಷದ ಮೇಲೆ ಅದೇ ಮೇ, ಅದೇ ಬಂಡೆ. ಎಲ್ಲರೂ ಫೋಟೊ ತೆಗೆಯಲು ಹೋದರು. ಮಂಡಿನೋವಿನ ಅತ್ತೆಯ ಪಕ್ಕ, ಎಲ್ಲರ ಚೀಲಗಳ ನಡುವೆ ಕಲ್ಲುಬೆಂಚಿನ ಮೇಲೆ ಕೂತಿದ್ದವಳು ನಾನು.

ಪ್ರವಾಸದ ಒಳಗಿನ ಕೆಲಸ ಎಷ್ಟೆಂದು ಮನೆಯಲ್ಲಿ ಯಾರೂ ಲೆಕ್ಕ ಹಾಕುವುದಿಲ್ಲ. ಗಾಡಿ ಗೊತ್ತು ಮಾಡಿದವರಿಗೆ ಪ್ರವಾಸ ಮಾಡಿಸಿದ ಕೀರ್ತಿ. ಅದೊಂದು ಫೋನ್ ಕರೆ. ಹೊರಡುವ ವಾರದ ಮುಂಚೆ ಚಟ್ನಿಪುಡಿ ಕುಟ್ಟಿದವರು, ಅತ್ತೆಯ ಬಿಪಿ ಮಾತ್ರೆ ನಾಲ್ಕು ದಿನಕ್ಕೆ ಎಣಿಸಿಟ್ಟವರು, ಹಾಲು ಪೇಪರು ನಿಲ್ಲಿಸಿ, ಗಿಡಕ್ಕೆ ನೀರು ಹಾಕಲು ಪಕ್ಕದ ಮನೆಗೆ ಕೀಲಿ ಕೊಟ್ಟು, ಯಾರ ಟವೆಲ್ಲು ಯಾವ ಚೀಲದಲ್ಲಿದೆಯೆಂದು ತಲೆಯಲ್ಲಿ ಬರೆದಿಟ್ಟುಕೊಂಡವರು, ಇವರ ಹೆಸರು ಎಲ್ಲೂ ಬರುವುದಿಲ್ಲ. ಒಂದು ತಲೆನೋವಿನ ಮಾತ್ರೆ ಮರೆತರೆ ಮಾತ್ರ ಹೆಸರು ಬರುತ್ತದೆ.

ಇನ್ನೊಂದು ಲೆಕ್ಕವಿದೆ, ಅದನ್ನು ಗಂಡಸರು ಕೇಳಿಸಿಕೊಳ್ಳುವುದೂ ಇಲ್ಲ. ತಾರೀಖು ಗೊತ್ತು ಮಾಡುವಾಗ ನಾದಿನಿ ಅಡುಗೆಮನೆಗೆ ಬಂದು ಸೊಸೆಯ ಕಿವಿಯಲ್ಲಿ ಕೇಳಿದಳು. ಸೊಸೆ ಬೆರಳು ಮಡಿಸಿ ಲೆಕ್ಕ ಹಾಕಿದಳು. ಗೋಕರ್ಣಕ್ಕೆ ಸರಿಯಾಗಿ ಆ ದಿನಗಳೇ. “ಮಾತ್ರೆ ತಗೋ, ಮುಂದಕ್ಕೆ ಹೋಗತ್ತೆ” ಎಂದಳು ನಾದಿನಿ. ಮೆಡಿಕಲ್ ಶಾಪಿನಿಂದ ಮಾತ್ರೆ ಬಂತು. ಯಾವ ವೈದ್ಯರನ್ನೂ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಕಾಲದಲ್ಲಿ ನಾನೂ ಹಾಗೇ ನುಂಗಿದ್ದೆ. ಹೆಂಗಸಿನ ಮೈ ಕೂಡ ಪ್ರವಾಸದ ವೇಳಾಪಟ್ಟಿಗೆ ಹೊಂದಿಕೊಳ್ಳಬೇಕು, ಗಾಡಿಯ ಟಯರಿನ ಹಾಗೆ.

ಸಮುದ್ರದ ಹತ್ತಿರದ ಹೋಂಸ್ಟೇಯನ್ನು ಮಗ ಫೋನಿನಲ್ಲಿ ಫೋಟೊ ನೋಡಿ ಗೊತ್ತು ಮಾಡಿದ್ದ. ಫೋಟೊದಲ್ಲಿ ಹಸಿರು ಹುಲ್ಲು, ಎರಡು ತೆಂಗಿನ ಮರದ ನಡುವೆ ತೂಗುವ ಜೋಲಿ, ನಾಲ್ಕು ರೂಮು. ಹೋಗಿ ಇಳಿದರೆ ಎರಡು ರೂಮು. ಉಳಿದೆರಡು ‘ರಿಪೇರಿಯಲ್ಲಿವೆ’. ಹನ್ನೊಂದು ಜನಕ್ಕೆ ಒಂದೇ ಬಚ್ಚಲು, ಅದರ ಬಾಗಿಲಿನ ಚಿಲಕ ಮುರಿದಿತ್ತು. ನಲ್ಲಿಯಲ್ಲಿ ತುಕ್ಕಿನ ಬಣ್ಣದ ನೀರು. ಜೋಲಿ ಇತ್ತು, ಅದರಲ್ಲಿ ಅವರ ನಾಯಿ ಮಲಗಿತ್ತು. ಅರ್ಧ ಹಣ ಮೊದಲೇ ಕೊಟ್ಟಾಗಿತ್ತು.

ಈಗ ನೋಡಿ, ಕೋಪ ಯಾರ ಪಾಲಿಗೆ ಹೇಗೆ ಹಂಚಿಕೆಯಾಯಿತು ಎಂದು. ಭಾವನವರು ಜಗುಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು, “ನನ್ನ ರಜೆಯೆಲ್ಲ ಹಾಳಾಯ್ತು” ಎಂದು ಸಂಜೆಯ ತನಕ ಗುಡುಗಿದರು. ಅವರು ನಿವೃತ್ತರಾಗಿ ನಾಲ್ಕು ವರ್ಷವಾಗಿತ್ತು. ಅವರ ರಜೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೋ ನನಗೆ ತಿಳಿಯದು. ನನ್ನ ಯಜಮಾನರು ಮಗನ ಮೇಲೆ ರೇಗಿದರು. ಮಗ ಫೋನು ಹಿಡಿದು ಮೂಲೆ ಸೇರಿದ. ನಾದಿನಿಯ ಮಕ್ಕಳು ಊಟ ಬೇಡವೆಂದು ಮುನಿದವು. ಇವರೆಲ್ಲರನ್ನೂ ಸಮಾಧಾನ ಮಾಡುವ ಕೆಲಸ ಯಾರದು? ನಾವು ಮೂವರು ಆ ಮನೆಯ ಅಡುಗೆಕೋಣೆಗೆ ನುಗ್ಗಿ, ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಾ, ಭಾವನವರಿಗೆ ಇಷ್ಟವೆಂದು ಈರುಳ್ಳಿ ಬಜ್ಜಿ ಕರಿದೆವು. ಗಂಡಸಿಗೆ ಕೋಪ ಬಂದರೆ ಬಜ್ಜಿ. ಮಕ್ಕಳಿಗೆ ಬಂದರೆ ಐಸ್‌ಕ್ರೀಮು. ಹೆಂಗಸಿಗೆ ಬಂದರೆ, “ಇವಳೊಬ್ಬಳು, ಹೋದಲ್ಲೆಲ್ಲ ಕೊಂಕು.”

ಮರುದಿನ ಬೆಳಿಗ್ಗೆ ಸೊಸೆ ನನ್ನನ್ನು ಪಕ್ಕಕ್ಕೆ ಕರೆದಳು. “ಅತ್ತೆ, ಆ ಬಾಗಿಲು ಹಾಕೋಕಾಗಲ್ಲ. ನಿನ್ನೆ ಜೋಗದಿಂದ ನಾನು ನೀರೇ ಕುಡಿದಿಲ್ಲ. ಹೊಟ್ಟೆ ಕೆಳಗೆ ನೋಯ್ತಿದೆ. ದುಡ್ಡು ಹೋದ್ರೆ ಹೋಗ್ಲಿ, ಬೇರೆ ಕಡೆ ಹೋಗೋಣ.” ಅವಳು ಹೇಳಿದ್ದರಲ್ಲಿ ಒಂದಕ್ಷರ ಅನ್ಯಾಯವಿರಲಿಲ್ಲ. ನಾನೇನು ಹೇಳಿದೆ ಗೊತ್ತೆ? “ಇನ್ನೊಂದೇ ದಿನ, ಸ್ವಲ್ಪ ಹೊಂದಿಕೋ. ಈಗಾಗ್ಲೇ ಎಲ್ಲರೂ ಸಿಟ್ಟಾಗಿದ್ದಾರೆ, ನೀನೂ ಶುರು ಮಾಡ್ಬೇಡ.”

ನೀನೂ ಶುರು ಮಾಡಬೇಡ. ಎಲ್ಲರ ಕೋಪಕ್ಕೂ ಆ ಮನೆಯಲ್ಲಿ ಜಾಗವಿತ್ತು, ಅವಳ ನೋವಿಗೆ ಇರಲಿಲ್ಲ. ಇದನ್ನು ಅವಳಿಗೆ ಹೇಳಿದ್ದು ಭಾವನವರಲ್ಲ, ನನ್ನ ಯಜಮಾನರಲ್ಲ, ನಾನು. ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲಿಲ್ಲವೆಂದು ನಮ್ಮ ಶಾಲೆಯಲ್ಲಿ ಪಟ್ಟು ಹಿಡಿದು ಬಾಗಿಲು ಹಾಕಿಸಿದವಳು ನಾನು!

ಈ ನೀರು ಕುಡಿಯದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಪ್ರವಾಸ ಹೊರಟ ಹೆಂಗಸು ಬೆಳಿಗ್ಗೆ ಕಾಫಿ ಬಿಡುತ್ತಾಳೆ, ದಾರಿಯಲ್ಲಿ ನೀರು ಬಿಡುತ್ತಾಳೆ. ಗಂಡಸರಿಗೆ ಎಲ್ಲಿ ಬೇಕಾದರೂ ಗೋಡೆಯಿದೆ, ಮರವಿದೆ. ಗಾಡಿ ನಿಲ್ಲಿಸಿ ಇಳಿದು ಹಾಡು ಗುನುಗುತ್ತಾ ಬಂದು ಕೂರುತ್ತಾರೆ. ನಮಗೆ ಮುಂದಿನ ಊರು, ಮುಂದಿನ ಪೆಟ್ರೋಲ್ ಬಂಕು, ಅದಕ್ಕೂ ಬೀಗ ಹಾಕಿದ್ದರೆ ಅದರ ಮುಂದಿನದು. ನೀರು ಕಡಿಮೆ ಕುಡಿದು, ಮೂತ್ರ ಕಟ್ಟಿಕೊಂಡು ಕೂತರೆ ಸೋಂಕು ಹಿಡಿಯಲು ಹೆಚ್ಚು ಹೊತ್ತು ಬೇಡ. ನಮ್ಮ ಸ್ಟಾಫ್ ರೂಮಿನ ಆರು ಜನ ಹೆಂಗಸರಲ್ಲಿ ಪ್ರವಾಸದಿಂದ ಬಂದು ಉರಿಮೂತ್ರಕ್ಕೆ ಔಷಧಿ ತೆಗೆದುಕೊಳ್ಳದವರು ಒಬ್ಬರೂ ಇಲ್ಲ. ಇಂಥದ್ದು ಪ್ರವಾಸ ಕಥನಗಳಲ್ಲಿ ಬರುವುದನ್ನು ನಾನು ಕಂಡಿಲ್ಲ. ಸೂರ್ಯಾಸ್ತ ಬರುತ್ತದೆ.

ಮೂರನೆಯ ದಿನ ಶಿರಸಿಯ ಘಾಟಿ ಹತ್ತುವಾಗ ಸೊಸೆಗೆ ಚಳಿಜ್ವರ. ದಾರಿಯಲ್ಲಿ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ವೈದ್ಯೆ ಚಿಕ್ಕ ಹುಡುಗಿ, ನನ್ನ ವಿದ್ಯಾರ್ಥಿನಿಯಾಗಿರಬಹುದಾದಷ್ಟು ವಯಸ್ಸು. ಎಷ್ಟು ಹೊತ್ತಾಯಿತು ನೀರು ಕುಡಿದು, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದೆಲ್ಲ ಕೇಳಿ ಬರೆದುಕೊಂಡಳು. ಬರೆಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿ, “ನೀವು ತಾಯೀನಾ?” ಎಂದಳು. “ಅತ್ತೆ” ಎಂದೆ. ಓಹೋ ಎಂಬಂತೆ ತಲೆಯಾಡಿಸಿ ಮತ್ತೆ ಬರೆಯತೊಡಗಿದಳು. ಜನ್ಮದಲ್ಲಿ ಯಾವ ಇನ್ಸ್‌ಪೆಕ್ಟರ ಮುಂದೆಯೂ ನಾನು ಅಷ್ಟು ಕುಗ್ಗಿದ್ದಿಲ್ಲ.

ಅಷ್ಟಾದ ಮೇಲೂ ನನಗೆ ಬುದ್ಧಿ ಬಂತೆಂದುಕೊಂಡಿರಾ? ಮನೆ ತಲುಪಿ ಚೀಲ ಇಳಿಸುತ್ತಿದ್ದಾಗ ಪಕ್ಕದ ಮನೆಯವರು ಕೀಲಿ ಕೊಡಲು ಬಂದರು. ಸೊಸೆಯನ್ನು ನೋಡಿ, “ಹೇಗಿತ್ತಮ್ಮ ಟ್ರಿಪ್ಪು?” ಎಂದರು. ಅವಳು ಬಾಯಿ ತೆರೆಯುವಷ್ಟರಲ್ಲಿ, “ತುಂಬಾ ಚೆನ್ನಾಗಿತ್ತು” ಎಂದು ನಾನೇ ಹೇಳಿಬಿಟ್ಟೆ. ಸೊಸೆ ನನ್ನನ್ನು ಒಮ್ಮೆ ನೋಡಿ ಒಳಗೆ ಹೋಗಿ ಮಲಗಿದಳು. ಮಾತು ಆಡಿದ ಮೇಲೆ ನನ್ನ ಬಾಯಲ್ಲಿ ಬಂದದ್ದು ಯಾರ ದನಿ ಎಂದು ನನಗೆ ತಿಳಿಯಿತು.

ಈ ವಿಷಯವನ್ನು ಸ್ಟಾಫ್ ರೂಮಿನಲ್ಲಿ ಎತ್ತಿದಾಗ ಹಿರಿಯ ಸಹೋದ್ಯೋಗಿಯೊಬ್ಬರು ನಕ್ಕರು. “ಎಷ್ಟೋ ಜನಕ್ಕೆ ಪ್ರವಾಸವೇ ಇಲ್ಲ. ಸಿಕ್ಕಿದ್ದಕ್ಕೆ ಸಂತೋಷ ಪಡದೆ ಬಚ್ಚಲಿನ ಚಿಲಕ ಹಿಡಿದುಕೊಂಡು ಕೂತಿದ್ದೀರಲ್ಲ.” ಇದು ಕೇಳಲು ವೈರಾಗ್ಯದ ಮಾತಿನ ಹಾಗಿದೆ. ಆದರೆ ಈ ವೈರಾಗ್ಯವನ್ನು ಭಾವನವರಿಗೆ ಯಾರೂ ಬೋಧಿಸುವುದಿಲ್ಲ. ಸಾಂಬಾರಿನಲ್ಲಿ ಉಪ್ಪು ಕಡಿಮೆಯಾದರೆ ಸಿಕ್ಕಿದ್ದಕ್ಕೆ ಸಂತೋಷ ಪಡಿ ಎಂದು ಯಾವ ಹೆಂಡತಿಯೂ ಗಂಡನಿಗೆ ಹೇಳಿ ದಕ್ಕಿಸಿಕೊಂಡದ್ದನ್ನು ನಾನು ಕಂಡಿಲ್ಲ. ತೃಪ್ತಿ ದೊಡ್ಡ ಗುಣವೇ ಸರಿ. ಮನೆಯಲ್ಲಿ ಒಬ್ಬರಿಗೆ ಮಾತ್ರ ಅದನ್ನು ಕಡ್ಡಾಯ ಮಾಡಿದರೆ ಅದಕ್ಕೆ ಬೇರೆ ಹೆಸರಿದೆ.

ಇನ್ನೊಬ್ಬರ ವಾದ: ಹೆಂಗಸೂ ಮುಖ ಊದಿಸಿಕೊಂಡರೆ ಮಕ್ಕಳಿಗೆ ಒಳ್ಳೆಯ ನೆನಪು ಉಳಿಯುವುದು ಹೇಗೆ? ಈ ಮಾತಿಗೆ ತೂಕವಿದೆ, ನಾನು ತಳ್ಳಿಹಾಕಲಾರೆ. ಬಂಡೆ ಹೊಳೆಯುತ್ತಿದೆ ನೋಡಿ ಎಂದು ಅಮ್ಮ ಹೇಳಿದ್ದರಿಂದಲೇ ಆ ದಿನ ನನಗೆ ಇಷ್ಟು ಚೆನ್ನಾಗಿ ನೆನಪಿರಬಹುದು. ಮಕ್ಕಳ ಮುಂದೆ ಹೇಳಿದ್ದು ಸರಿ. ರೈಲಿನಲ್ಲಿ, ಮಕ್ಕಳು ಮಲಗಿದ ಮೇಲೆ, ಗಂಡ ಕೇಳಿದಾಗಲಾದರೂ ನಿಜ ಹೇಳಬಾರದಿತ್ತೆ? ಎಲ್ಲರ ಮನಸ್ಸನ್ನೂ ಕಾಪಾಡುತ್ತಾ ಹೋಗಿ, ಕೊನೆಗೆ ಕೇಳುವವರು ಸಿಕ್ಕಾಗಲೂ ಬಾಯಿಗೆ ಅದೇ ಮಾತು ಬರುವಷ್ಟು ಅದು ರೂಢಿಯಾಗಿಬಿಡುತ್ತದೆ. ಆಮೇಲೆ ಸೊಸೆಯಂದಿರ ಬಾಯನ್ನೂ ನಾವೇ ಮುಚ್ಚುತ್ತೇವೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಸರ್ಕಾರಿ ಬಸ್ಸಿನಲ್ಲಿ, ರಾಜ್ಯದೊಳಗೆ, ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ಐಷಾರಾಮಿ ಬಸ್ಸಿಗೆ ಇದು ಸಲ್ಲದು, ಇರಲಿ. ಆ ತಿಂಗಳು ಬಸ್ಸುಗಳು ತುಂಬಿ ತುಳುಕಿದವು. ಹೆಂಗಸರು ಹೆಂಗಸರೇ ಗುಂಪು ಕಟ್ಟಿಕೊಂಡು ದೇವಸ್ಥಾನಗಳಿಗೆ, ತವರಿಗೆ, ನೀರು ನೋಡಲು ಹೊರಟರು. ಆಗ ಎಷ್ಟೊಂದು ನಗೆ, ಎಷ್ಟೊಂದು ಹಾಸ್ಯಚಟಾಕಿ! “ಮನೆಯಲ್ಲಿ ಅಡುಗೆ ಮಾಡೋರಿಲ್ಲ, ಎಲ್ಲ ಬಸ್ಸಲ್ಲಿದಾರೆ” ಎಂದು ನಮ್ಮ ಬೀದಿಯ ಕಟ್ಟೆಯ ಮೇಲಿನವರು ಆಡಿಕೊಂಡರು. ನಿಂತುಕೊಂಡು ಹೋಗಬೇಕಾಯಿತೆಂದು ಗಂಡಸರು ದೂರಿದರು. ಸೀಟು ಸಿಗದ ಕಷ್ಟ ನಿಜ, ಆ ಬಸ್ಸಿನಲ್ಲೇ ಶಾಲೆಗೆ ಹೋಗುವ ಮಕ್ಕಳು ಪಟ್ಟ ಪಾಡೂ ನಿಜ, ಬಸ್ಸು ಹೆಚ್ಚಬೇಕಿತ್ತು. ಆದರೆ ಆ ನಗೆ ಸೀಟಿನದಾಗಿರಲಿಲ್ಲ. ಯಾರನ್ನೂ ಕೇಳದೆ, ಯಾರಿಗೂ ಬುತ್ತಿ ಕಟ್ಟದೆ, ಮನಸ್ಸಿಗೆ ಬಂದ ದಿನ ಹೊರಟುಬಿಟ್ಟರಲ್ಲ, ಅದರದು. ರಜೆ ಕೊಡುವವರು ಬೇರೆ, ತೆಗೆದುಕೊಳ್ಳುವವರು ಬೇರೆ ಆಗಿದ್ದಷ್ಟು ದಿನ ಎಲ್ಲ ಸರಿಯಾಗಿತ್ತು.

ಜ್ವರ ಬಿಟ್ಟ ಮೇಲೆ ಸೊಸೆ ಬೆಂಗಳೂರಿಗೆ ಹೋದಳು. ಫೋನಿನಲ್ಲಿ ಮಾತನಾಡುತ್ತಿದ್ದಳು, ಅಳೆದು ತೂಗಿ. ನಾಲ್ಕು ತಿಂಗಳು ಕಾದು, ಗೌರಿ ಹಬ್ಬಕ್ಕೆ ಬಂದಾಗ ನಾನು ಅವಳಲ್ಲಿ ತಪ್ಪಾಯಿತೆಂದು ಹೇಳಿದೆ. ಅಮ್ಮನ ಕಥೆಯನ್ನೂ ಹೇಳಿದೆ. ಅವಳು ಸಮಾಧಾನದ ಮಾತೇನೂ ಆಡಲಿಲ್ಲ. “ಹಾಗಾದ್ರೆ ಮಳೆಗಾಲದಲ್ಲಿ ಒಂದ್ಸಲ ಹೋಗೋಣ, ನಾವಷ್ಟೇ” ಎಂದಳು.

ಆ ವರ್ಷ ಮಳೆ ಕೈಕೊಟ್ಟಿತ್ತು. ಮುಂದಿನ ವರ್ಷ, 2024ರ ಆಗಸ್ಟಿನ ಒಂದು ಭಾನುವಾರ ಹೊರಟೆವು: ನಾನು, ಸೊಸೆ, ನಮ್ಮ ಶಾಲೆಯ ವಿಜ್ಞಾನದ ಮೇಡಂ, ಹಿಂದಿ ಮೇಡಂ. ಬುತ್ತಿ ಕಟ್ಟಲಿಲ್ಲ. ಒಂದೊಂದು ಚೀಲ, ಅವರವರದು ಅವರವರ ಹೆಗಲಿಗೆ. ಸರ್ಕಾರಿ ಬಸ್ಸಿನಲ್ಲಿ ಶಿವಮೊಗ್ಗ, ಸಾಗರ, ಅಲ್ಲಿಂದ ಜೋಗ. ದಾರಿಯಲ್ಲಿ ಸೊಸೆ ಮೂರು ಸಲ ಶೌಚಾಲಯ ಹುಡುಕಿಸಿದಳು. ಒಂದು ಕಡೆ ಬಾಗಿಲ ಹೊರಗೆ ನಾವೇ ಕಾವಲು ನಿಂತೆವು. ಅವಳು ಹೊಟ್ಟೆ ತುಂಬಾ ನೀರು ಕುಡಿದಳು, ನನಗೂ ಕುಡಿಸಿದಳು. ಬಸ್ಸು ಇಳಿಯುವ ಮೊದಲೇ ಸದ್ದು ಕೇಳಿಸಿತು. ಅಮ್ಮನಿಗೆ ಗೊತ್ತಿದ್ದದ್ದು ಚಿತ್ರ ಮಾತ್ರ. ಅದಕ್ಕೆ ಇಂಥ ಸದ್ದಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ ಎನಿಸಿತು.

ಮಳೆಯಲ್ಲಿ ಛತ್ರಿ ಹಿಡಿದು ಕಟಕಟೆಯ ಹತ್ತಿರ ಹೋಗಿ ನಿಂತರೆ 830 ಅಡಿಯೂ ಮಂಜು. ಬೆಳ್ಳಗೆ, ಗೋಡೆಯ ಹಾಗೆ. ರಾಜನಿಲ್ಲ, ರಾಣಿಯಿಲ್ಲ. ಕೆಳಗಿನಿಂದ ಸದ್ದು ಮಾತ್ರ ಎದ್ದು ಬರುತ್ತಿತ್ತು. ಒಂದು ಗಂಟೆ ನಿಂತೆವು. ಎರಡು ಗಂಟೆ ನಿಂತೆವು. ಒಮ್ಮೆ ಒಂದಿಷ್ಟು ಸರಿದಂತಾಗಿ, ಅಗೋ ಎನ್ನುವಷ್ಟರಲ್ಲಿ ಮತ್ತೆ ಮುಚ್ಚಿಕೊಂಡಿತು. ಸೀರೆಯ ನೆರಿಗೆ ಮೊಣಕಾಲಿನ ತನಕ ಒದ್ದೆ, ಚಪ್ಪಲಿಯೊಳಗೆ ನೀರು. ಕೊನೆಯ ಬಸ್ಸಿನ ಹೊತ್ತಾಯಿತು.

“ಏನೂ ಕಾಣ್ಲಿಲ್ಲ ಅತ್ತೆ” ಎಂದಳು ಸೊಸೆ.

ನಾಲಿಗೆಯ ತುದಿಗೆ ಬಂದಿತ್ತು, ಇರಲಿ ಬಿಡು, ಸದ್ದಾದರೂ ಕೇಳಿತಲ್ಲ, ಮಂಜೂ ಒಂದು ಚೆಂದವೇ ಎಂದೆಲ್ಲ. ನುಂಗಿಕೊಂಡೆ.

“ಹೌದು ಕಣೇ, ದಂಡ” ಎಂದೆ. “ಪೂರಾ ದಂಡ.”

ಹಿಂದಿ ಮೇಡಂ ನಗಲು ಶುರು ಮಾಡಿದರು. ವಿಜ್ಞಾನದ ಮೇಡಂ, “ನನ್ನ ಹೊಸ ಚಪ್ಪಲಿ ಹಾಳಾಯ್ತು, ಯಾವನಿಗೆ ಬೇಕಿತ್ತು ಈ ಜೋಗ” ಎಂದು ಗಟ್ಟಿಯಾಗಿ ಬೈದರು. ಬಸ್ಸು ಸಾಗರ ತಲುಪುವ ತನಕ ನಾವು ನಾಲ್ವರೂ ಸರದಿಯ ಮೇಲೆ ಬೈದೆವು: ಮಂಜನ್ನು, ಮಳೆಯನ್ನು, ಸೋರುತ್ತಿದ್ದ ಬಸ್ಸಿನ ಕಿಟಕಿಯನ್ನು. ಮುಂದಿನ ಸೀಟಿನ ಗಂಡಸೊಬ್ಬರು ಎರಡು ಸಲ ತಿರುಗಿ ನೋಡಿದರು.

ಮನೆಗೆ ಬಂದಾಗ ರಾತ್ರಿ ಹತ್ತೂವರೆ. ಯಜಮಾನರು ಬಾಗಿಲು ತೆಗೆದು, “ಹೇಗಿತ್ತು?” ಎಂದರು.

“ಏನೂ ಕಾಣ್ಲಿಲ್ಲ. ಬರೀ ಮಂಜು. ಮುಂದಿನ ತಿಂಗಳು ಮತ್ತೆ ಹೋಗ್ಬೇಕು” ಎಂದೆ. “ಅಡುಗೆಮನೇಲಿ ಏನಾದ್ರೂ ಇದೆಯಾ?”

ಅವರು ಅನ್ನ ಮಾಡಿ, ಸಾರು ಬಿಸಿ ಮಾಡಿ ಇಟ್ಟಿದ್ದರು. ಸಾರಿಗೆ ಉಪ್ಪು ಕಡಿಮೆ ಇತ್ತು. ಅದನ್ನೂ ಹೇಳಿದೆ.